ಕನ್ನಡಕ ತೆಗೆದಿಡುವ ಮುಂಚೆ

ಎಲ್ಲರಿಗೂ ನಮಸ್ಕಾರ. ಈ ಹಾಲ್‌ನಲ್ಲಿ ಕೂತವರಲ್ಲಿ ಅರ್ಧಕ್ಕರ್ಧ ಜನ ಕನ್ನಡಕದವರೇ ಇದ್ದೀರಿ. ಕೋರ್ಸ್ ಮುಗಿಯುತ್ತಿದ್ದ ಹಾಗೆ ಕನ್ನಡಕ ಬಿಡಲು ಕಣ್ಣಿಗೆ ಲೇಸರ್ ಮಾಡಿಸಿಕೊಳ್ಳಬೇಕು ಅಂತ ನಿಮ್ಮಲ್ಲಿ ಹಲವರು ಯೋಚಿಸಿದ್ದೀರಂತೆ. ತಪ್ಪೇನಿಲ್ಲ. ಬೆಳಗ್ಗೆ ಎದ್ದ ಕೂಡಲೇ ದಿಂಬಿನ ಪಕ್ಕ ತಡಕಾಡುವುದು, ಮಳೆಯಲ್ಲಿ ಗಾಡಿ ನಿಲ್ಲಿಸಿ ಗಾಜು ಒರೆಸಿಕೊಳ್ಳುವುದು, ಇದೆಲ್ಲ ನನಗೂ ಗೊತ್ತು. ಶಾಲೆಯಲ್ಲಿ ನನ್ನನ್ನೂ ಸೋಡಾಬುಡ್ಡಿ ಅಂತಲೇ ಕರೆಯುತ್ತಿದ್ದರು.

ನನ್ನ ಹತ್ತಿರ ಬರುವವರು ಮೊದಲು ಕೇಳುವುದು, "ಡಾಕ್ಟ್ರೇ, ಲೇಸರ್ ಸೇಫಾ?" ಅಂತ. "ನನ್ನ ಕಣ್ಣಿಗೆ ಸೇಫಾ?" ಅಂತ ಕೇಳುವವರು ತುಂಬಾ ಕಡಿಮೆ. ಇವತ್ತು ನಾನು ಮಾತಾಡುವುದು ಆ ಎರಡನೇ ಪ್ರಶ್ನೆಯ ಬಗ್ಗೆ.

ಯಂತ್ರದ ಭಯ ಮೊದಲು ಬಿಡಿ. ಈ ಲೇಸರ್ ಕಣ್ಣನ್ನು ಸುಡುವುದಿಲ್ಲ. 1981ರಲ್ಲಿ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ ರಂಗಸ್ವಾಮಿ ಶ್ರೀನಿವಾಸನ್ ಮತ್ತು ಅವರ ಜೊತೆಗಾರರು ಇದನ್ನು ಕಂಡುಕೊಂಡರು. ಶ್ರೀನಿವಾಸನ್ ಮದ್ರಾಸಿನಲ್ಲಿ ಹುಟ್ಟಿದವರು. ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡನ್ನು ಪ್ರಯೋಗಾಲಯಕ್ಕೆ ತಂದು, ಅದರ ಮೇಲೆ ಎಕ್ಸೈಮರ್ ಅನ್ನುವ ಅತಿನೇರಳೆ ಬೆಳಕಿನ ಲೇಸರ್ ಬಿಟ್ಟರು. ಬಿದ್ದ ಜಾಗ ಮಾತ್ರ ನೀಟಾಗಿ ಕೊರೆದಿತ್ತು, ಅಂಚು ಕರಕಲಾಗಿರಲಿಲ್ಲ. ಇವತ್ತು ಲಾಸಿಕ್‌ನಲ್ಲಿ, ಅಂದರೆ ಕನ್ನಡಕದ ಪವರ್ ತೆಗೆಯುವ ಲೇಸರ್ ಆಪರೇಷನ್‌ನಲ್ಲಿ, ಕಾರ್ನಿಯಾ ಕೆತ್ತುವುದು ಅದೇ ಬೆಳಕು.

ಕಾರ್ನಿಯಾ ಅಂದರೆ ಕಣ್ಣಿನ ಮುಂದೆ ವಾಚಿನ ಗಾಜಿನ ಹಾಗೆ ಕೂತಿರುವ ಪದರ. ದಪ್ಪ ಸುಮಾರು ಅರ್ಧ ಮಿಲಿಮೀಟರ್, ಅಂದರೆ ಸರಾಸರಿ 540 ಮೈಕ್ರಾನ್. ಲಾಸಿಕ್‌ನಲ್ಲಿ ಅದರ ಮೇಲಿಂದ ಒಂದು ತೆಳು ಮುಚ್ಚಳ ಎಬ್ಬಿಸಿ, ಪುಸ್ತಕದ ರಟ್ಟಿನ ಹಾಗೆ ಪಕ್ಕಕ್ಕೆ ಮಗುಚುತ್ತೇವೆ. ಒಳಗೆ ಲೇಸರ್ ಕೆಲಸ ಮುಗಿದ ಮೇಲೆ ಮುಚ್ಚಳವನ್ನು ಅದರ ಜಾಗಕ್ಕೆ ವಾಪಸ್ ಕೂರಿಸುತ್ತೇವೆ. ಹೊಲಿಗೆ ಇರುವುದಿಲ್ಲ.

ಈಗ ಒಂದು ಲೆಕ್ಕ ಮಾಡೋಣ. ಮುಚ್ಚಳಕ್ಕೆ 110 ಮೈಕ್ರಾನ್ ಹೋಯಿತು ಅಂದುಕೊಳ್ಳಿ. ಒಂದು ಪವರ್ ಇಳಿಸಲು ಸುಮಾರು 14 ಮೈಕ್ರಾನ್ ಕೆತ್ತಬೇಕು. ಮೈನಸ್ 4 ಇರುವ, 540 ಮೈಕ್ರಾನ್ ಕಾರ್ನಿಯಾದ ಹುಡುಗನಿಗೆ ಕೆಳಗೆ 374 ಉಳಿಯುತ್ತದೆ. ಆರಾಮ. ಅದೇ ಮೈನಸ್ 9 ಇರುವ, 480 ಮೈಕ್ರಾನ್ ಕಾರ್ನಿಯಾದ ಅವನ ಗೆಳತಿಗೆ ಉಳಿಯುವುದು 244. 250ಕ್ಕಿಂತ ಕಡಿಮೆ ಆದರೆ ಮಾಡಲೇಬಾರದು. ತುಂಬಾ ಜನ ಸರ್ಜನ್‌ಗಳು 300 ಉಳಿಯಲಿ ಅನ್ನುತ್ತಾರೆ, ನಾನೂ ಅವರ ಕಡೆಯೇ. ನೋಡಿ, ಯಂತ್ರ ಅದೇ, ಡಾಕ್ಟರೂ ಅವರೇ. ಒಬ್ಬರಿಗೆ ಸಲೀಸಾಗಿ ಆಗುವುದು ಇನ್ನೊಬ್ಬರಿಗೆ ಆಗುವುದಿಲ್ಲ.

ಮಿತಿ ಮೀರಿ ತೆಳುವಾದ ಕಾರ್ನಿಯಾ ಕಣ್ಣಿನ ಒಳಗಿನ ಒತ್ತಡ ತಡೆಯಲಾರದೆ ನಿಧಾನಕ್ಕೆ ಮುಂದಕ್ಕೆ ಉಬ್ಬುತ್ತದೆ. ಇದಕ್ಕೆ ಎಕ್ಟೇಸಿಯಾ ಅನ್ನುತ್ತೇವೆ. ಅಪರೂಪ, ನಿಜ. ಆದರೆ ಬಂದರೆ ಕನ್ನಡಕವೂ ಪೂರ್ತಿ ಸರಿಮಾಡಲಾರದು.

ದಪ್ಪ ಸಾಕಷ್ಟಿದ್ದರೂ ಕೆಲವರ ಕಾರ್ನಿಯಾ ದುರ್ಬಲವಾಗಿರುತ್ತದೆ. ಒಮ್ಮೆ ಒಬ್ಬ ಹುಡುಗಿ ತಾಯಿಯ ಜೊತೆ ಬಂದಿದ್ದಳು. ಪವರ್ ಬರೀ ಮೈನಸ್ 3, ಮದುವೆಗೆ 2 ತಿಂಗಳು ಬಾಕಿ. ಕಾರ್ನಿಯಾದ ಉಬ್ಬುತಗ್ಗನ್ನು ಬಣ್ಣಗಳಲ್ಲಿ ತೋರಿಸುವ ಮ್ಯಾಪ್ ತೆಗೆದೆವು. ಚೆನ್ನಾಗಿರುವ ಕಣ್ಣಿನಲ್ಲಿ ಬಣ್ಣಗಳು ಸಮವಾಗಿ ಹರಡಿರುತ್ತವೆ. ಇವಳ ಎಡಗಣ್ಣಿನಲ್ಲಿ ನಡುವಿಗಿಂತ ಸ್ವಲ್ಪ ಕೆಳಗೆ ಒಂದು ಕೆಂಪು ಮಚ್ಚೆ. ಕಾರ್ನಿಯಾ ತೆಳುವಾಗುತ್ತಾ ಶಂಕುವಿನ ಹಾಗೆ ಮುಂದಕ್ಕೆ ಉಬ್ಬುವ ಕೆರಟೋಕೋನಸ್ ಕಾಯಿಲೆಯ ಶುರು. "ಕಣ್ಣು ಜಾಸ್ತಿ ಉಜ್ಜಿಕೊಳ್ತೀಯಾ ಪುಟ್ಟಿ?" ಅಂತ ಕೇಳಿದೆ. ಅವಳು ಬಾಯಿ ಬಿಡುವ ಮುಂಚೆ ತಾಯಿ, "ದಿನಾ ಬೈತೀನಿ ಡಾಕ್ಟ್ರೇ, ಕೇಳಲ್ಲ" ಅಂದರು. ಲೇಸರ್ ಬೇಡವೇ ಬೇಡ ಅಂದೆ. ಹುಡುಗಿ ಅತ್ತಳು. ತಾಯಿ ಇನ್ನೊಂದು ಕಡೆ ತೋರಿಸುತ್ತೇವೆ ಅಂದರು. ನಾನು ಮ್ಯಾಪ್ ಅವರ ಕೈಗೇ ಕೊಟ್ಟು, "ಎಲ್ಲಿ ಹೋದರೂ ಮೊದಲು ಇದನ್ನು ತೋರಿಸಿ" ಅಂದೆ. ತೋರಿಸಿದರು. ಅಲ್ಲೂ ಬೇಡ ಅಂದರಂತೆ. ಕಾರ್ನಿಯಾ ಗಟ್ಟಿ ಮಾಡುವ ಕ್ರಾಸ್‌ಲಿಂಕಿಂಗ್ ಆಯಿತು. ಈಗ ವರ್ಷಕ್ಕೊಮ್ಮೆ ಬರುತ್ತಾಳೆ, ಕೆಂಪು ಮಚ್ಚೆ ಇದ್ದಷ್ಟೇ ಇದೆ.

ಅಪರೂಪದ ತೊಂದರೆ ಇದಾದರೆ, ಸಾಮಾನ್ಯವಾಗಿ ಕಾಡುವುದು ಒಣಗಣ್ಣು. ಮುಚ್ಚಳ ಎತ್ತುವಾಗ ಕಾರ್ನಿಯಾದ ಸಣ್ಣ ನರಗಳು ತುಂಡಾಗುತ್ತವೆ. ಕಣ್ಣು ಒಣಗಿದೆ ಅಂತ ಮೆದುಳಿಗೆ ಸುದ್ದಿ ಮುಟ್ಟಿಸಬೇಕಾದ ನರಗಳು ಇವೇ. ನರಗಳು ಮತ್ತೆ ಬೆಳೆಯಲು ತಿಂಗಳುಗಟ್ಟಲೆ ಬೇಕು. ಹೆಚ್ಚಿನವರಿಗೆ ಸರಿಹೋಗುತ್ತದೆ, ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ. ದಿನಕ್ಕೆ ಹತ್ತು ಗಂಟೆ ಎಸಿ ರೂಮಿನಲ್ಲಿ ಸ್ಕ್ರೀನ್ ನೋಡುವ ಕೆಲಸಕ್ಕೆ ಹೋಗುವವರು ನೀವು. ಇದನ್ನು ಹಗುರವಾಗಿ ತಗೋಬೇಡಿ.

ಔಷಧ ಮತ್ತು ವೈದ್ಯಕೀಯ ಉಪಕರಣಗಳ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ, ಅಲ್ಲಿನ ನೇತ್ರ ಸಂಸ್ಥೆ ಮತ್ತು ರಕ್ಷಣಾ ಇಲಾಖೆ ಜೊತೆ ಸೇರಿ ಒಂದು ಅಧ್ಯಯನ ಮಾಡಿತು. ಫಲಿತಾಂಶ 2017ರಲ್ಲಿ ಬಂತು. ಲಾಸಿಕ್ ಮಾಡಿಸಿಕೊಂಡವರಲ್ಲಿ ಶೇ. 95ಕ್ಕೂ ಹೆಚ್ಚು ಜನರಿಗೆ ತಮ್ಮ ದೃಷ್ಟಿ ತೃಪ್ತಿ ಕೊಟ್ಟಿತ್ತು. ಆದರೆ ಮೊದಲು ಒಣಗಣ್ಣಿನ ಲಕ್ಷಣವೇ ಇಲ್ಲದವರಲ್ಲಿ ಶೇ. 28ರವರೆಗೆ ಜನರಿಗೆ 3 ತಿಂಗಳಲ್ಲಿ ಅದು ಶುರುವಾಗಿತ್ತು. ದೀಪದ ಸುತ್ತ ಬಳೆ, ಕಿರಣ ಚಿಮ್ಮುವುದು, ಎರಡೆರಡು ಕಾಣುವುದು, ಇಂಥ ಯಾವುದೂ ಮೊದಲು ಇಲ್ಲದವರಲ್ಲಿ ಶೇ. 46ರವರೆಗೆ ಜನರಿಗೆ ಒಂದಾದರೂ ಹೊಸದಾಗಿ ಬಂದಿತ್ತು. ದಿನದ ಕೆಲಸಕ್ಕೆ ತುಂಬಾ ಅಡ್ಡಿ ಅಂದವರು ಶೇ. 1ಕ್ಕಿಂತ ಕಡಿಮೆ.

ಆ ಅಧ್ಯಯನದಲ್ಲಿ ನನ್ನನ್ನು ತುಂಬಾ ಯೋಚನೆಗೆ ಹಚ್ಚಿದ್ದು ಬೇರೆ. ಜನ ಕಾಗದದ ಮೇಲೆ ಬರೆದುಕೊಟ್ಟಷ್ಟು ತೊಂದರೆಯನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿರಲಿಲ್ಲ. ನಾನೇ ಆಪರೇಷನ್ ಮಾಡಿದ ಒಬ್ಬರು ನೆನಪಾದರು. ಬೋರ್ಡಿನ ಕೊನೇ ಸಾಲು ಸಲೀಸಾಗಿ ಓದಿದರು. ನಾನು 6/6, ಅಂದರೆ ದೃಷ್ಟಿ ಸರಿಯಾಗಿದೆ ಅಂತ ಬರೆದು ಫೈಲ್ ಮುಚ್ಚಿದೆ. ಒಂದು ವರ್ಷವಾದ ಮೇಲೆ ಗೊತ್ತಾಯಿತು, ಗಂಟೆಗೊಮ್ಮೆ ಡ್ರಾಪ್ಸ್ ಹಾಕಿಕೊಂಡೇ ಅವರು ಕೆಲಸ ಮಾಡುತ್ತಿದ್ದರು. "ನೀವು ಚೆನ್ನಾಗಿದೆ ಅಂದ್ರಲ್ಲ, ಸುಮ್ನಾದೆ" ಅಂದರು. ಅವತ್ತಿನಿಂದ ನಾನು ಕೇಳುವ ಮೊದಲ ಪ್ರಶ್ನೆಯೇ, "ಕಣ್ಣು ಉರಿಯುತ್ತಾ?"

ಇನ್ನೊಂದು ಮಾತು. ಲೇಸರ್ ಮಾಡಿಸಿದರೂ ನಲವತ್ತು ದಾಟಿದ ಮೇಲೆ ಚಾಳೀಸು ಬಂದೇ ಬರುತ್ತದೆ. ಮೈನಸ್ ಪವರ್‌ನವರ ಕಣ್ಣಿನ ಹಿಂದಿನ ಪರದೆ, ರೆಟಿನಾ, ಮೊದಲಿನಷ್ಟೇ ನಾಜೂಕಾಗಿ ಉಳಿಯುತ್ತದೆ. ಪವರ್ ಹೋಯಿತು ಅಂತ ಅದರ ತಪಾಸಣೆ ಬಿಡಬೇಡಿ.

ಹಾಗಾದರೆ ಏನು ಮಾಡಬೇಕು? ವಯಸ್ಸು 18 ದಾಟಿರಲಿ, ಪವರ್ ಒಂದು ವರ್ಷದಿಂದ ಬದಲಾಗಿರಬಾರದು. ಬಸುರಿಯಾಗಿದ್ದಾಗ, ಮಗುವಿಗೆ ಹಾಲು ಕುಡಿಸುವಾಗ ಬೇಡ. ಪರೀಕ್ಷೆಗೆ ಹೋಗುವ ಮುಂಚೆ ಸಾಫ್ಟ್ ಲೆನ್ಸ್ ಆದರೆ 2 ವಾರ ತೆಗೆದಿಡಿ, ಇಲ್ಲದಿದ್ದರೆ ಮ್ಯಾಪ್ ತಪ್ಪು ಹೇಳುತ್ತದೆ. ಕಣ್ಣೀರಿನ ಪರೀಕ್ಷೆ ಮಾಡಿದಿರಾ ಅಂತ ಕೇಳಿ. ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷ ಕೂರಿಸುತ್ತಾರೆ, ಅಷ್ಟೇ. ನನ್ನ ಕಾರ್ನಿಯಾ ದಪ್ಪ ಎಷ್ಟು, ಕೊನೆಗೆ ಎಷ್ಟು ಉಳಿಯುತ್ತದೆ, ಇದನ್ನೂ ಕೇಳಿ. ಆಫರ್ ಇವತ್ತೇ ಕೊನೆ ಅಂದರೆ ಎದ್ದು ಬನ್ನಿ. ಆ ಎಲ್ಲ ಕಾಗದ ಜೋಪಾನವಾಗಿ ಇಟ್ಟುಕೊಳ್ಳಿ. ಅರವತ್ತರಲ್ಲಿ ಕಣ್ಣಿನ ಪೊರೆ ತೆಗೆಯುವಾಗ ಯಾವ ಲೆನ್ಸ್ ಹಾಕಬೇಕು ಅಂತ ಲೆಕ್ಕ ಹಾಕುವ ಡಾಕ್ಟರಿಗೆ ಅದು ಬೇಕಾಗುತ್ತದೆ.

ಸರಿ, ಈಗ ನಿಮ್ಮ ಪ್ರಶ್ನೆ. ಹಿಂದಿನ ಬೆಂಚಿನವರಿಂದ ಶುರು ಮಾಡೋಣ, ಅಲ್ವಾ?