ಕೀಲಿಯ ಕೈಪಿಡಿಯಲ್ಲಿ ತಪ್ಪಿದ ಅಕ್ಷರ

ಕೇಳುಗರಿಗೆ ನಮಸ್ಕಾರ. ಮುಕ್ತ ತಂತ್ರಾಂಶಗಳ ಕೈಪಿಡಿಗಳಲ್ಲಿ ನುಸುಳುವ ಸಣ್ಣ ಅಕ್ಷರದೋಷಗಳನ್ನು ತಿದ್ದಿ ಕಳುಹಿಸುವ ಕೆಲಸದ ಬಗ್ಗೆ ಇಂದಿನ ಮಾತು.

ದೂರದ ಸರ್ವರ್ ಒಳಗೆ ಸುರಕ್ಷಿತವಾಗಿ ಪ್ರವೇಶಿಸಲು ಇಂದು ಬಹಳಷ್ಟು ತಂತ್ರಜ್ಞರು ನೆಚ್ಚಿಕೊಂಡಿರುವುದು ಓಪನ್ಎಸ್ಎಸ್ಎಚ್ ಎಂಬ ಮುಕ್ತ ತಂತ್ರಾಂಶವನ್ನು. ಓಪನ್‌ಬಿಎಸ್‌ಡಿ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ರೂಪಿಸುವ ಬಳಗ 1999ರಲ್ಲಿ ಅದನ್ನು ಹೊರತಂದಿತು. ಅದರ ಕೀಲಿಗಳು, ಅಂದರೆ ಪ್ರವೇಶಿಸುವವರ ಗುರುತನ್ನು ಸಾಬೀತುಪಡಿಸುವ ಪುಟ್ಟ ಕಡತಗಳು, ಜೋಡಿಯಾಗಿ ಹುಟ್ಟುತ್ತವೆ. ಒಂದು ಖಾಸಗಿ ಕೀಲಿ, ಅದನ್ನು ಯಾರಿಗೂ ಕೊಡಬಾರದು. ಇನ್ನೊಂದು ಸಾರ್ವಜನಿಕ ಕೀಲಿ, ಅದನ್ನು ಯಾರಿಗಾದರೂ ಕೊಡಬಹುದು. ಎರಡೂ ಒಂದೇ ಜಾಗದಲ್ಲಿ, ಒಂದೇ ಹೆಸರಿನಲ್ಲಿ ಕೂತಿರುತ್ತವೆ. ಸಾರ್ವಜನಿಕ ಕೀಲಿಯ ಹೆಸರಿನ ತುದಿಯಲ್ಲಿ ಒಂದು ಚುಕ್ಕೆ, ಬಳಿಕ ಪಿ, ಯು, ಬಿ ಎಂಬ ಮೂರು ಅಕ್ಷರಗಳು. ಹೆಸರಿನಲ್ಲಿರುವ ವ್ಯತ್ಯಾಸ ಅಷ್ಟೇ.

ಯಾವುದೋ ಕೈಪಿಡಿಯಲ್ಲಿ ಆ ಚುಕ್ಕೆ, ಆ ಮೂರು ಅಕ್ಷರ ಬಿಟ್ಟುಹೋದವು ಎನ್ನಿ. ‘ಈ ಕಡತದಲ್ಲಿರುವುದನ್ನು ನಕಲು ಮಾಡಿ ನಿರ್ವಾಹಕರಿಗೆ ಕಳುಹಿಸಿ’ ಎಂಬ ಸೂಚನೆಯನ್ನು ಹೊಸಬರೊಬ್ಬರು ಶ್ರದ್ಧೆಯಿಂದ ಪಾಲಿಸುತ್ತಾರೆ. ಹೋಗುವುದು ಖಾಸಗಿ ಕೀಲಿ! ಪರದೆಯ ಮೇಲೆ ಯಾವ ಎಚ್ಚರಿಕೆಯೂ ಮೂಡುವುದಿಲ್ಲ. ಕೀಲಿಯನ್ನು ಸರ್ವರ್‌ಗೆ ಸಾಗಿಸಲೆಂದೇ ಇರುವ ಆಜ್ಞೆಯನ್ನು ಬಳಸಿದ್ದರೆ, ಹೆಸರಿನ ತುದಿ ಬಿಟ್ಟುಹೋಗಿದ್ದರೂ ಅದೇ ಸೇರಿಸಿಕೊಳ್ಳುತ್ತಿತ್ತು. ಕೈಯಿಂದ ನಕಲು ಮಾಡುವವರಿಗೆ ಆ ರಕ್ಷಣೆಯಿಲ್ಲ. ಅವರಿಗಿರುವುದು ಕೈಪಿಡಿಯ ಸಾಲೊಂದೇ. ಆದ್ದರಿಂದ ಇಂಥ ತಿದ್ದುಪಡಿಯನ್ನು ‘ಬರೀ ಅಕ್ಷರದೋಷ’ ಎಂದು ಬದಿಗೆ ಸರಿಸುವುದನ್ನು ನಾನು ಒಪ್ಪುವುದಿಲ್ಲ.

ಇನ್ನೊಂದು ದೋಷ ಶಾಲೆಯಲ್ಲಿ ಬ್ರಿಟಿಷ್ ಕಾಗುಣಿತ ಕಲಿತ ನಮ್ಮಂಥವರಿಗೆ ಹತ್ತಿರದ್ದು. ಅನುಮತಿ ಪಡೆದ ಕೀಲಿಗಳನ್ನು ಸರ್ವರ್ ‘ಆಥರೈಜ್ಡ್ ಕೀಸ್’ ಎಂಬ ಕಡತದಲ್ಲಿ ಹುಡುಕುತ್ತದೆ. ಆ ಹೆಸರಿನಲ್ಲಿರುವುದು ಅಮೆರಿಕದ ಝಡ್ ಅಕ್ಷರ. ರೂಢಿಯಂತೆ ಎಸ್ ಬರೆದರೆ ಕಡತವೇನೋ ಸಿದ್ಧವಾಗುತ್ತದೆ, ಸರ್ವರ್ ಮಾತ್ರ ಅದನ್ನು ತೆರೆದೂ ನೋಡುವುದಿಲ್ಲ. ಬಳಕೆದಾರರಿಗೆ ಕಾಣುವುದು ‘ಅನುಮತಿ ಇಲ್ಲ’ ಎಂಬ ಉತ್ತರ. ಕಡತದ ಹೆಸರು ತಪ್ಪಿದೆ ಎಂಬ ಸುಳಿವು ಎಲ್ಲೂ ಇಲ್ಲ. ಎಷ್ಟು ಜನರ ಸಂಜೆಗಳು ಈ ಒಂದು ಅಕ್ಷರಕ್ಕೆ ಬಲಿಯಾಗಿವೆಯೋ! ಕೈಪಿಡಿಯ ವಾಕ್ಯಗಳನ್ನೆಲ್ಲ ಬ್ರಿಟಿಷ್ ರೂಢಿಗೆ ತರುತ್ತೇನೆಂದು ಒಂದೇ ಏಟಿಗೆ ಬದಲಾಯಿಸುವವರು ಸರಿಯಾಗಿದ್ದ ಆ ಹೆಸರನ್ನೂ ಕೆಡಿಸಬಲ್ಲರು.

ಆಜ್ಞೆಯೊಳಗಿನ ಎರಡು ಅಡ್ಡಗೆರೆಗಳು ಸೇರಿ ಒಂದು ಉದ್ದ ಗೆರೆಯಾಗುವಂಥ ತಪ್ಪುಗಳು ಕಿರಿಕಿರಿ ತಂದರೂ ಅಪಾಯ ತರುವುದು ಕಡಿಮೆ. ಆಜ್ಞೆ ಕೂಡಲೇ ಸೋಲುತ್ತದೆ, ಓದುಗರು ಅಲ್ಲಿಯೇ ನಿಲ್ಲುತ್ತಾರೆ.

ತಿದ್ದುವವರಿಗೆ ವಿಷಯಜ್ಞಾನವೂ ಇದ್ದರೆ ಕಣ್ಣು ಚುರುಕಾಗುತ್ತದೆ. ಇಡಿ25519 ಎಂಬ ಕೀಲಿಯ ಹೆಸರನ್ನೇ ನೋಡಿ. ಎರಡರ 255ನೆಯ ಘಾತದಿಂದ 19 ಕಳೆದರೆ ಸಿಗುವ ಅವಿಭಾಜ್ಯ ಸಂಖ್ಯೆಯಿಂದ ಆ ಅಂಕಿಗಳು ಬಂದಿವೆ. ಇದು ಗೊತ್ತಿದ್ದವರು ಅಂಕಿ ಅದಲುಬದಲಾದರೆ ತಕ್ಷಣ ಹಿಡಿಯುತ್ತಾರೆ.

ತಿದ್ದುಪಡಿಗಳನ್ನು ಪರಿಶೀಲಿಸುವವರ ಕಷ್ಟವೂ ದೊಡ್ಡದು. ಮುಕ್ತ ಯೋಜನೆಗಳಿಗೆ ಕೊಡುಗೆ ನೀಡಲು ಹುರಿದುಂಬಿಸುವ ಹ್ಯಾಕ್ಟೋಬರ್‌ಫೆಸ್ಟ್ ಎಂಬ ವಾರ್ಷಿಕ ಅಭಿಯಾನದಲ್ಲಿ, 2020ರಲ್ಲಿ, ಉಚಿತ ಟೀ ಶರ್ಟಿನ ಆಸೆಗೆ ಅರ್ಥವಿಲ್ಲದ ತಿದ್ದುಪಡಿಗಳು ಆ ಯೋಜನೆಗಳ ಮೇಲೆ ಸುರಿದವು. ಒಪ್ಪಿಗೆ ಕೊಟ್ಟ ಯೋಜನೆಗಳಿಗೆ ಕಳುಹಿಸಿದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ ಎಂದು ಸಂಘಟಕರು ನಿಯಮವನ್ನೇ ಬದಲಿಸಬೇಕಾಯಿತು. 2024ರಲ್ಲಿ ಬಯಲಾದ, ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ಮುಕ್ತ ತಂತ್ರಾಂಶದ ಪ್ರಕರಣ ಇನ್ನೂ ಗಂಭೀರ. ಸಣ್ಣಪುಟ್ಟ ಕೊಡುಗೆಗಳಿಂದ ವಿಶ್ವಾಸ ಗಳಿಸಿದವರೇ ಕೊನೆಗೆ ಓಪನ್ಎಸ್ಎಸ್ಎಚ್ ಸರ್ವರ್‌ಗಳಿಗೆ ಕಳ್ಳಬಾಗಿಲು ತೆರೆಯಲು ಹೊರಟಿದ್ದರು. ಹಾಗಾಗಿ ಅಪರಿಚಿತರ ತಿದ್ದುಪಡಿಯನ್ನು ಪರಿಶೀಲಕರು ಅನುಮಾನದಿಂದ ನೋಡಿದರೆ ನಾವು ಬೇಸರಪಡಬಾರದು. ಆಜ್ಞೆಯನ್ನು ನಾವೇ ಓಡಿಸಿ, ಯಾವ ಆವೃತ್ತಿಯಲ್ಲಿ ಏನು ಕಂಡಿತೆಂದು ಬರೆದು ಕಳುಹಿಸಿದರೆ ಅವರ ಕೆಲಸ ಅರ್ಧ ಹಗುರಾಗುತ್ತದೆ.

ಒಂದು ಜಾಗದಲ್ಲಿ ಮಾತ್ರ ಕೈಯಾಡಿಸಬಾರದು: ಕೀಲಿಯ ಬೆರಳಚ್ಚು, ಅಂದರೆ ಕೀಲಿ ಅಸಲಿಯೇ ಎಂದು ಹೋಲಿಸಿ ನೋಡುವ ಚಿಕ್ಕ ಗುರುತು. ಗೂಢಲಿಪಿಗೂ ಡಿಜಿಟಲ್ ಸಹಿಗೂ ಬಳಸುವ ಗ್ನೂಪಿಜಿ ತಂತ್ರಾಂಶದಲ್ಲಿ ಸಾಮಾನ್ಯವಾಗಿ ಕಾಣುವ ಬೆರಳಚ್ಚಿನಲ್ಲಿ 40 ಚಿಹ್ನೆಗಳಿರುತ್ತವೆ. ಕೈಪಿಡಿಯಲ್ಲಿ ಒಂದೇ ಒಂದು ತಪ್ಪಿದರೂ ಅಸಲಿ ಕೀಲಿ ನಕಲಿಯಂತೆ ಕಾಣುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಹೊಂದದಿದ್ದರೂ ಪರವಾಗಿಲ್ಲ ಎಂದು ಮುಂದುವರಿಯುವ ಅಭ್ಯಾಸ ಓದುಗರಿಗೆ ಬೆಳೆಯುವುದು. ಆ ಸಾಲು ತಪ್ಪಾಗಿದೆ ಎನಿಸಿದರೆ ನೀವೇ ತಿದ್ದಿ ಕಳುಹಿಸಬೇಡಿ. ಕೀಲಿಯ ಒಡೆಯರಿಗೆ ತಿಳಿಸಿ. ಅವರೇ ತಿದ್ದಿ, ತಮ್ಮ ಸಹಿಯೊಂದಿಗೆ ಪ್ರಕಟಿಸಲಿ.

ನಮಸ್ಕಾರ.