ಚಾರಿತ್ರಿಕ ಕಾದಂಬರಿಗೆ ಯಾರ್ಯಾರು ಬೇಕು?

ಎಲ್ಲರಿಗೂ ನಮಸ್ಕಾರ.

ಚಾರಿತ್ರಿಕ ಕಾದಂಬರಿ ಬರೆಯುವವರಿಗೆ ಓದುಗರಿಂದ ತಪ್ಪದೆ ಬರುವ ಪ್ರಶ್ನೆ ಒಂದಿದೆ. "ಇದರಲ್ಲಿ ನಿಜ ಎಷ್ಟು, ಕಟ್ಟಿದ್ದು ಎಷ್ಟು?" ಬರೆಯಲು ಕೂರುವ ಮುಂಚೆ ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ದಾಖಲೆ ಏನೂ ಹೇಳದ ಕಡೆ ನಾವು ಕಥೆ ಕಟ್ಟಬಹುದು. ಆದರೆ ದಾಖಲೆ ನಿಜವಾಗಿಯೂ ಏನೂ ಹೇಳುತ್ತಿಲ್ಲವೋ, ನಾವೇ ಅದನ್ನು ಓದಿಲ್ಲವೋ? ಒಬ್ಬರೇ ಕೂತು ಯೋಚಿಸಿದರೆ ಇದು ಗೊತ್ತಾಗುವುದಿಲ್ಲ. ಗೊತ್ತಿರುವವರನ್ನು ಕೇಳಲೇಬೇಕು. ಇವತ್ತಿನ ನನ್ನ ಮಾತೆಲ್ಲ ಇದರ ಬಗ್ಗೆಯೇ. ಉದಾಹರಣೆಗಳನ್ನು ವಿಜಯನಗರದಿಂದ ತೆಗೆದುಕೊಳ್ಳುತ್ತೇನೆ. ನಾನು ಜಾಸ್ತಿ ಓದಿರುವುದು ಆ ಕಾಲವನ್ನು.

ಕೃಷ್ಣದೇವರಾಯ ನೋಡಲು ಹೇಗಿದ್ದ? ಸಿನಿಮಾ ನೋಡಿದವರ ಮನಸ್ಸಿನಲ್ಲಿ ಒಂದು ರೂಪ ಕೂತುಬಿಟ್ಟಿರುತ್ತದೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಕಣ್ಣಾರೆ ಕಂಡು ಬರೆದಿದ್ದಾನೆ. ಸಾಧಾರಣ ಎತ್ತರ, ತಿಳಿ ಬಣ್ಣ, ತೆಳ್ಳಗಿನದಲ್ಲದ ಮೈ, ಮುಖದ ಮೇಲೆ ಸಿಡುಬಿನ ಕಲೆ. ಬೆಳಕು ಹರಿಯುವ ಮುಂಚೆಯೇ ರಾಯ ಎಳ್ಳೆಣ್ಣೆ ಕುಡಿಯುತ್ತಾನೆ, ಅದನ್ನೇ ಮೈಗೂ ಹಚ್ಚಿಕೊಳ್ಳುತ್ತಾನೆ. ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ಎತ್ತುತ್ತಾನೆ. ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿ ಬೀಸುತ್ತಾನೆ. ಆಮೇಲೆ ಒಬ್ಬ ಜಟ್ಟಿಯ ಜತೆ ಕುಸ್ತಿ, ಅದಾದ ಮೇಲೆ ಕುದುರೆ ಸವಾರಿ. ಎಂಥ ಬೆಳಗು ಅಲ್ವಾ! ಇದನ್ನು ಓದಿದ ಮೇಲೆ ಕ್ಯಾಲೆಂಡರಿನ ರಾಯನನ್ನು ಬರೆಯಲು ಮನಸ್ಸೇ ಬರುವುದಿಲ್ಲ.

ಆ ಭಾರಗಳನ್ನು ಮಾಡಿಕೊಟ್ಟ ಕುಂಬಾರ ಯಾರು? ರಾಯನ ಜತೆ ಕುಸ್ತಿಗಿಳಿದ ಜಟ್ಟಿಗೆ ಗೆಲ್ಲುವ ಧೈರ್ಯ ಇತ್ತಾ? ಪಯಸ್ ಹೇಳುವುದಿಲ್ಲ. ಕಾದಂಬರಿಕಾರರ ಕೆಲಸ ಶುರುವಾಗುವುದು ಇಲ್ಲಿ. ಆದರೂ ಕುಂಬಾರನ ಬಗ್ಗೆ ಸುಮ್ನೆ ಊಹಿಸಿ ಬರೆಯಬಾರದು. ಅಷ್ಟು ದಪ್ಪದ ಮಣ್ಣು ಒಣಗಲು ಎಷ್ಟು ದಿನ ಬೇಕು, ಸುಡುವಾಗ ಯಾಕೆ ಬಿರುಕು ಬಿಡುತ್ತದೆ, ಇದನ್ನೆಲ್ಲ ಇವತ್ತು ತಿಗರಿ ತಿರುಗಿಸುವವರು ಹೇಳಬಲ್ಲರು. ಅವರ ಪಕ್ಕ ಒಂದು ಮಧ್ಯಾಹ್ನ ಕೂತರೆ ಸಿಗುವ ವಿವರ ಯಾವ ಗ್ರಂಥಾಲಯದಲ್ಲೂ ಇಲ್ಲ.

ಪಯಸ್‌ನನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಅವನು ಅತಿಥಿ. ತೋರಿಸಿದ್ದನ್ನು ನೋಡಿದ. ಅವನ ನಂತರ, 1535ರ ಸುಮಾರಿಗೆ ಬಂದ ನೂನಿಜ್ ಕುದುರೆ ವ್ಯಾಪಾರಿ. ಕುದುರೆಗಳ ಬಗ್ಗೆ ಅವನು ಬರೆದದ್ದಕ್ಕೆ ನಾನು ತುಂಬ ಬೆಲೆ ಕೊಡುತ್ತೇನೆ. ಹಿಂದಿನ ರಾಜರ ಬಗ್ಗೆ ಅವನು ಬರೆದದ್ದು ಇನ್ನೊಬ್ಬರಿಂದ ತಿಳಿದದ್ದು. ಅದನ್ನು ಶಾಸನಗಳ ಪಕ್ಕ ಇಟ್ಟು ನೋಡಲೇಬೇಕು.

ಶಾಸನ ಅಂದರೆ ದಾನ ಕೊಟ್ಟ ರಾಜನ ಹೊಗಳಿಕೆ ಅಂತ ಹಲವರು ಪಕ್ಕಕ್ಕಿಡುತ್ತಾರೆ. ನನಗೆ ಇಷ್ಟವಾಗುವುದು ಅದರ ಗಡಿ ಹೇಳುವ ಭಾಗ. ಮೂಡಲಿಗೆ ಇಂಥ ಕೆರೆ, ತೆಂಕಲಿಗೆ ಹುತ್ತ, ಅಲ್ಲಿಂದ ಹಳ್ಳ, ಹಳ್ಳದಾಚೆ ನೆಟ್ಟ ಕಲ್ಲು. ಆ ಕಾಲದ ಒಂದು ಊರು ಕಣ್ಣೆದುರು ಬರುತ್ತದೆ. ಬಿ.ಎಲ್. ರೈಸ್ 1886ರಲ್ಲಿ ಶುರುಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಇಂಥ ಶಾಸನಗಳು ಸಾವಿರಾರು ಇವೆ. ಹೊಸಬರು ತಮ್ಮ ತಾಲ್ಲೂಕಿನ ಭಾಗವನ್ನಾದರೂ ಪೂರ್ತಿ ಓದಲಿ.

ಶಾಸನದ ತೇದಿಯೂ ಹಾಗೇ. ತಿಥಿ ಗೊತ್ತಾದರೆ ಆ ರಾತ್ರಿ ಬೆಳದಿಂಗಳಿತ್ತೋ ಕತ್ತಲಿತ್ತೋ ಗೊತ್ತಾಗುತ್ತದೆ. ಅಮಾವಾಸ್ಯೆಯ ಹಿಂದಿನ ದಿನ ಬಹುಮಾನ ಪಡೆದ ನಾಯಕನನ್ನು ಅದೇ ರಾತ್ರಿ ಹುಣ್ಣಿಮೆ ಬೆಳಕಿನಲ್ಲಿ ನಡೆಸುವಂತಿಲ್ಲ. ಶಕ ವರ್ಷಕ್ಕೆ 78 ಸೇರಿಸಿದರೆ ಕ್ರಿಸ್ತಶಕ ಬರುತ್ತದೆ ಅನ್ನುತ್ತೇವೆ. ಮಾಘ, ಫಾಲ್ಗುಣದ ಹೊತ್ತಿಗೆ ಅದು 79 ಆಗಿರುತ್ತದೆ. ಕೆಲವು ಕಡೆ ಶಕ ವರ್ಷಕ್ಕೂ ಸಂವತ್ಸರದ ಹೆಸರಿಗೂ ಹೊಂದುವುದೇ ಇಲ್ಲ. ಆಗ ಶಾಸನತಜ್ಞರ ಹತ್ತಿರ ಹೋಗಬೇಕು.

ಹೋಗುವಾಗ ಸಣ್ಣ ಪ್ರಶ್ನೆ ಹಿಡಿದು ಹೋಗಿ. "ವಿಜಯನಗರದ ಬಗ್ಗೆ ಹೇಳಿ ಸಾರ್" ಅಂದರೆ ಅವರು ತಾನೇ ಎಲ್ಲಿಂದ ಶುರುಮಾಡುತ್ತಾರೆ? "ಈ ದಾನಕ್ಕೆ ಸಾಕ್ಷಿಯಾದವರಲ್ಲಿ ಈ ಹೆಸರಿನವರು ಯಾವ ಕಸುಬಿನವರು?" ಅಂತ ಕೇಳಿ. ಅರ್ಧ ದಿನ ನಿಮಗಾಗಿ ಪುಸ್ತಕ ತಿರುವುತ್ತಾರೆ. ವಿದ್ವಾಂಸರ ಈ ಔದಾರ್ಯವನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಒಂದು ಕಡೆ ಮಾತ್ರ ನಮ್ಮ ದಾರಿ, ಅವರ ದಾರಿ ಬೇರೆಯಾಗುತ್ತದೆ. ಹಂಪಿಯ ಅರಮನೆಗಳಲ್ಲಿ ಉಳಿದಿರುವುದು ಕಲ್ಲಿನ ಜಗತಿ, ಅಂದರೆ ಕಟ್ಟಡದ ಕೆಳಗಿನ ಕಟ್ಟೆ. ಮೇಲಿದ್ದ ಮರದ ಕಟ್ಟಡ ಹೋಗಿದೆ. ಮೇಲಿಂದ ಕೆಳಗಿನವರೆಗೆ ಪೂರ್ತಿ ದಂತದ ಕೋಣೆಯೊಂದನ್ನು ಕಂಡೆ ಅಂತ ಪಯಸ್ ಬರೆದಿದ್ದಾನೆ. ಅದೆಲ್ಲಿತ್ತು? ಇತಿಹಾಸಕಾರರು "ಇಲ್ಲಿ ಇದ್ದಿರಬಹುದು" ಅಂತ ನಿಲ್ಲಿಸಬಹುದು, ನಿಲ್ಲಿಸಲೂಬೇಕು. ನನ್ನ ಪಾತ್ರ ಮಾತ್ರ ಇದ್ದಿರಬಹುದಾದ ಬಾಗಿಲಿನಿಂದ ಒಳಗೆ ಹೋಗಲಾರದು. ಬಾಗಿಲು ಯಾವ ದಿಕ್ಕಿಗಿತ್ತು, ಒಳಗೆ ಬೆಳಕು ಎಲ್ಲಿಂದ ಬೀಳುತ್ತಿತ್ತು, ನಾನು ತೀರ್ಮಾನ ಮಾಡಲೇಬೇಕು. ಆ ತೀರ್ಮಾನದ ಹೊಣೆ ನನ್ನದು, ತಜ್ಞರ ಮೇಲೆ ಹಾಕುವಂತಿಲ್ಲ.

ಜತೆ ಕೆಲಸ ಮಾಡಿದವರನ್ನು ನಾವು ಬೇಗ ಮರೆಯುತ್ತೇವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆ ನಡೆಸಿದ. ಅವನು ಕೂಡಿಸಿದ ಕೈಫಿಯತ್ತು (ಊರಿನವರು ಹೇಳಿ ಬರೆಸಿದ ಊರಿನ ವೃತ್ತಾಂತ), ಶಾಸನಗಳ ಪ್ರತಿ ಇಲ್ಲದೆ ಇವತ್ತು ಎಷ್ಟೋ ಊರುಗಳ ಕಥೆಯೇ ಸಿಗುತ್ತಿರಲಿಲ್ಲ. ಊರೂರು ತಿರುಗಿ ಜನರನ್ನು ಮಾತಾಡಿಸಿದವರಲ್ಲಿ ಕಾವಲಿ ವೆಂಕಟ ಬೊರಯ್ಯ, ಅವರ ತಮ್ಮ ಲಕ್ಷ್ಮಯ್ಯ ಇದ್ದರು. ಹಳಗನ್ನಡ ಶಾಸನ ಓದಿಕೊಟ್ಟವರು ಜೈನ ವಿದ್ವಾಂಸ ಧರ್ಮಯ್ಯ. ಆ ಸಂಗ್ರಹಕ್ಕೆ ಇವತ್ತಿಗೂ ಮೆಕೆಂಜಿಯ ಹೆಸರೊಂದೇ ಇದೆ. ನನಗೆ ಇದು ನೋವಿನ ವಿಷಯ.

ಅದಕ್ಕೇ ಕಾದಂಬರಿಯ ಕೊನೆಗೆ ಲೇಖಕರ ಟಿಪ್ಪಣಿ ಇರಲೇಬೇಕು ಅಂತ ನಾನು ಹಟ ಹಿಡಿಯುತ್ತೇನೆ. ಕಥೆಯ ಓಟಕ್ಕೆ ಅಡ್ಡಿ ಅಂತ ಕೆಲವು ಗೆಳೆಯರು ಒಪ್ಪುವುದಿಲ್ಲ. ಕಥೆ ಮುಗಿದ ಮೇಲೆ ಬರುವ ಎರಡು ಪುಟ ಯಾವ ಓಟಕ್ಕೆ ಅಡ್ಡಿ? ಯಾವ ಪಾತ್ರ ಶಾಸನದಲ್ಲಿದೆ, ಯಾವುದು ನಾನು ಕಟ್ಟಿದ್ದು, ಯಾವ ಎರಡು ಘಟನೆಗಳನ್ನು ಹತ್ತಿರ ತಂದೆ, ಎಲ್ಲ ಬರೆಯಬೇಕು. ಕಾದಂಬರಿಯ ಸನ್ನಿವೇಶವನ್ನೇ ಚರಿತ್ರೆ ಅಂತ ನಂಬಿ ವೇದಿಕೆಯಲ್ಲಿ ಹೇಳುವವರಿದ್ದಾರೆ. ಅವರನ್ನು ದೂರಿ ಪ್ರಯೋಜನವಿಲ್ಲ, ಗೆರೆ ಎಳೆದು ತೋರಿಸಬೇಕಾದವರು ನಾವು. ಶಾಸನ ಓದಿಕೊಟ್ಟವರ, ತಿಥಿ ಲೆಕ್ಕ ಹಾಕಿಕೊಟ್ಟವರ, ಮಣ್ಣಿನ ಹದ ಹೇಳಿದ ಕುಂಬಾರರ ಹೆಸರು, ಅವರು ಒಪ್ಪಿದರೆ, ಅದೇ ಪುಟಗಳಲ್ಲಿ ಬರಬೇಕು.

ಇನ್ನು ನಿಮ್ಮ ಪ್ರಶ್ನೆಗಳನ್ನು ಕೇಳಿ.