ವಾರ್ಡಿಗೆ ಒಂದು ಕಂಪ್ಯೂಟರ್, ಮೇಜಿನ ಮೇಲೆ ಮೂರು ರಿಜಿಸ್ಟರ್

ವಿಜಯಪುರದ ನರ್ಸಿಂಗ್ ವಿದ್ಯಾರ್ಥಿಗಳೇ, ವಾರ್ಡಿನಿಂದ ನೇರವಾಗಿ ಇಲ್ಲಿಗೆ ಬಂದ ಸಿಸ್ಟರ್‌ಗಳೇ, ಎಲ್ಲರಿಗೂ ನಮಸ್ಕಾರ.

ದಾದಿಯರ ದಿನ ಮೇ 12 ಬಂದರೆ ದೀಪ ಹಚ್ಚಿ, ಇಂದಿನ ನರ್ಸಿಂಗ್‌ಗೆ ತಳಹದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಅವರನ್ನು ನೆನೆಯುತ್ತೇವೆ. ಅವರು ಲೆಕ್ಕದಲ್ಲೂ ಗಟ್ಟಿಗಿತ್ತಿ. ಕ್ರಿಮಿಯಾ ಯುದ್ಧದಲ್ಲಿ ಗಾಯಕ್ಕಿಂತ ಜಾಸ್ತಿ ಸೈನಿಕರು ತಡೆಯಬಹುದಾಗಿದ್ದ ರೋಗಗಳಿಂದ ಸತ್ತರು ಅಂತ 1858ರಲ್ಲಿ ಅಂಕಿಅಂಶಗಳ ಬಣ್ಣದ ನಕ್ಷೆ ಬರೆದು ತೋರಿಸಿದರು. ಅವರ ಹಾದಿಯಲ್ಲಿ ಬಂದ ನಮ್ಮನ್ನು "ಸಿಸ್ಟರ್‌ಗಳಿಗೆ ಕಂಪ್ಯೂಟರ್ ಒಗ್ಗೋದಿಲ್ಲ" ಅಂದರೆ ನನಗೆ ನೋವಾಗುತ್ತದೆ.

1989ರಲ್ಲಿ ಫ್ರೆಡ್ ಡೇವಿಸ್ ಎಂಬ ಅಮೆರಿಕದ ಸಂಶೋಧಕರು ಒಂದು ಸರಳ ಮಾತು ಹೇಳಿದರು. ಹೊಸ ತಂತ್ರಜ್ಞಾನ ಬಂದಾಗ ಜನ ಎರಡು ವಿಷಯ ನೋಡುತ್ತಾರೆ: ಇದರಿಂದ ನನ್ನ ಕೆಲಸಕ್ಕೆ ಉಪಯೋಗ ಇದೆಯಾ? ಬಳಸೋದು ಸುಲಭವಾ? ನಮ್ಮ ವಾರ್ಡಿನಲ್ಲಿ ಈ ಎರಡಕ್ಕೂ ಉತ್ತರ ಸಿಗುವುದು ರಾತ್ರಿ ಎರಡು ಗಂಟೆಗೆ. ಒಂದು ಬೆಡ್ಡಿನಲ್ಲಿ ಸಲೈನ್ ಮುಗಿಯುತ್ತಿರುತ್ತದೆ, ಇನ್ನೊಂದರಲ್ಲಿ ಉಸಿರು ಏರುತ್ತಿರುತ್ತದೆ, ಡ್ಯೂಟಿಯಲ್ಲಿ ನೀವೊಬ್ಬರೇ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಆಸ್ಪತ್ರೆಯ ಹೆಸರು ಬೇಡ. ಇಡೀ ವಾರ್ಡಿಗೆ ಒಂದೇ ಕಂಪ್ಯೂಟರ್ ಇತ್ತು. ಲಾಗಿನ್ ಆಗಲು ತಡವಾಗುತ್ತದೆ ಅಂತ ಬೆಳಿಗ್ಗೆ ಯಾರು ತೆರೆಯುತ್ತಾರೋ ಅವರ ಹೆಸರಿನಲ್ಲೇ ಎಲ್ಲರೂ ಬರೆಯುತ್ತಿದ್ದೆವು. ಒಂದು ದಿನ ನಾನು ಕೊಡದ ಇಂಜೆಕ್ಷನ್ ನನ್ನ ಹೆಸರಿನಲ್ಲಿ ದಾಖಲಾಗಿತ್ತು. ವಿಚಾರಣೆಗೆ ಕರೆದರು. ಉತ್ತರ ಕೊಡಲಾಗದೆ ನಿಂತಿದ್ದೆ. ತಪ್ಪು ನಮ್ಮದೂ ಹೌದು. ಆದರೆ ಒಂದೇ ಕಂಪ್ಯೂಟರ್ ಸಾಕಾಗುತ್ತದಾ ಅಂತ ಆ ದಿನವೂ ಯಾರೂ ಕೇಳಲಿಲ್ಲ.

ಇಂಥದ್ದು ನಮ್ಮಲ್ಲಿ ಮಾತ್ರ ನಡೆಯುವುದಲ್ಲ. ಔಷಧ ಕೊಡುವಾಗ ರೋಗಿಯ ಕೈಪಟ್ಟಿಯ ಬಾರ್‌ಕೋಡ್ ಸ್ಕ್ಯಾನ್ ಮಾಡುವ ಪದ್ಧತಿಯನ್ನು ಅಮೆರಿಕದ ಐದು ಆಸ್ಪತ್ರೆಗಳಲ್ಲಿ ನೋಡಿ 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸಿಬ್ಬಂದಿ 15 ಬಗೆಯ ಅಡ್ಡದಾರಿ ಹಿಡಿದಿದ್ದರು. ಕೆಲವರು ರೋಗಿಯ ಬಾರ್‌ಕೋಡನ್ನು ಬಾಗಿಲ ಚೌಕಟ್ಟಿಗೆ ಅಂಟಿಸಿ ಅದನ್ನೇ ಸ್ಕ್ಯಾನ್ ಮಾಡುತ್ತಿದ್ದರು! ಕಾರಣ ಹುಡುಕಿದರೆ 31 ಬಗೆ ಸಿಕ್ಕವು. ಸುಕ್ಕಾದ ಬಾರ್‌ಕೋಡ್, ಮುಗಿದ ಬ್ಯಾಟರಿ, ಸಿಗದ ಸಿಗ್ನಲ್. ಇವು ಸೋಮಾರಿತನದ ಕಾರಣಗಳಲ್ಲ, ಅಲ್ವಾ?

ಹಾಗಂತ ಆ ಬಾರ್‌ಕೋಡ್ ಸುಮ್ನೆ ಅಲ್ಲ. ಬಾಸ್ಟನ್ನಿನ ಒಂದು ಆಸ್ಪತ್ರೆಯ ಅಧ್ಯಯನ 2010ರಲ್ಲಿ ಬಂತು. ಔಷಧ ಕೊಡುವಾಗಿನ ತಪ್ಪು, ಹೊತ್ತು ತಪ್ಪಿದ್ದನ್ನು ಬಿಟ್ಟು, ಬಾರ್‌ಕೋಡ್ ಇಲ್ಲದ ಕಡೆ ಶೇ 11.5 ಇತ್ತು, ಇದ್ದ ಕಡೆ ಶೇ 6.8. ನಮ್ಮ ಕಡೆ ಇದು ಇನ್ನೂ ಬೇಕು. ಒಂದೇ ವಾರ್ಡಿನಲ್ಲಿ ಇಂಡಿ ತಾಲ್ಲೂಕಿನ ಸಿದ್ದಪ್ಪ, ಸಿಂದಗಿ ತಾಲ್ಲೂಕಿನ ಸಿದ್ದಪ್ಪ ಇಬ್ಬರೂ ಇರುತ್ತಾರೆ. "ಸಿದ್ದಪ್ಪ ಯಾರ್ರೀ?" ಅಂದರೆ ಎರಡೂ ಕೈ ಮೇಲೇಳುತ್ತವೆ. ಇಂಗ್ಲಿಷಿನಲ್ಲಿ ಆ ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಟೈಪ್ ಮಾಡುತ್ತಾರೆ. 2014ರ ನವೆಂಬರಿನಲ್ಲಿ ಊರಿನ ಹೆಸರು ಬದಲಾಯಿತಲ್ಲ, ಹಳೇ ಚೀಟಿಯಲ್ಲಿ ಬಿಜಾಪುರ, ಹೊಸದರಲ್ಲಿ ವಿಜಯಪುರ. ಈಗಿನ 14 ಅಂಕಿಯ ಆಭಾ ಸಂಖ್ಯೆ, ಅಂದರೆ ಒಬ್ಬೊಬ್ಬರಿಗೂ ಬೇರೆಯಾದ ಆರೋಗ್ಯ ಖಾತೆಯ ಸಂಖ್ಯೆ, ಇಂಥ ಕಡೆ ನೆರವಿಗೆ ಬರುತ್ತದೆ.

ನಮ್ಮ ಸಿಸ್ಟರ್‌ಗಳು ಬೇಸರಪಡುವುದು ಎರಡೆರಡು ಸಲ ಬರೆಯುವುದಕ್ಕೆ. ಜ್ವರ, ನಾಡಿ, ಉಸಿರಾಟ ಗುರುತಿಸುವ ಟಿಪಿಆರ್ ಚಾರ್ಟಿನಲ್ಲಿ ಜ್ವರ ಬರೆಯಬೇಕು, ಅದನ್ನೇ ಕಂಪ್ಯೂಟರಿಗೆ ಹಾಕಬೇಕು, ಮತ್ತೆ ರಿಪೋರ್ಟ್ ಬುಕ್ಕಿನಲ್ಲೂ ಇರಬೇಕು. ಆ ಹೊತ್ತು ರೋಗಿಯದ್ದು. ಕಂಪ್ಯೂಟರ್ ತಂದ ದಿನವೇ ಯಾವ ರಿಜಿಸ್ಟರ್ ಮುಚ್ಚುತ್ತೀರಿ ಅಂತಲೂ ಹೇಳಿ. ಕರೆಂಟ್ ಹೋದಾಗ ಬರೆಯಲು ಒಂದು ಹಾಳೆ ಇರಲಿ, ಸಾಕು.

ಇಲ್ಲಿ ಆಡಳಿತದವರೂ ಕುಳಿತಿದ್ದೀರಿ. ಮುಂದಿನ ಸಾಫ್ಟ್‌ವೇರ್ ಖರೀದಿ ಮಾಡುವ ಮುಂಚೆ, ಮಾರುವವರನ್ನು ಕರೆದುಕೊಂಡು ವಾರ್ಡಿಗೆ ಬನ್ನಿ. ನೈಟ್ ಡ್ಯೂಟಿಯವರು ಚಾರ್ಜ್ ತಗೊಳ್ಳುವ ಹೊತ್ತಿಗೆ ಬಂದು ಬೆಳಗಿನವರೆಗೆ ನಮ್ಮ ಜೊತೆ ನಿಲ್ಲಿ. ಕೂರಲು ಕುರ್ಚಿ ನಾವೇ ಹೊಂದಿಸಿಕೊಡುತ್ತೇವೆ.